ಹತ್ತಿರದ ದಾರಿ ತೋರಿಸಿದವಳು

ಅವಳಿಗೆ ಮನೆಯವರು ಇಟ್ಟ ಹೆಸರು ಒಂದಿತ್ತು. ಕಾಲೇಜಿನ ದಾಖಲೆಯಲ್ಲೂ ಅದೇ ಇತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು 'ನಾನೇ'. ಅವಳ ಬಾಯಿಂದ ಸ್ಪಷ್ಟವಾಗಿ ಹೊರಬಿದ್ದ ಮೊದಲ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ, "ನಾನೇ!" ಎಂದು ಅಜ್ಜಿ ಆಣೆ ಮಾಡಿ ಹೇಳುತ್ತಾರೆ. ಚಮಚ ಹಿಡಿಸಲು ಹೋದರೆ ನಾನೇ, ಚಪ್ಪಲಿ ತೊಡಿಸಲು ಹೋದರೆ ನಾನೇ. ಹಾಲುಹಲ್ಲು ಅಲ್ಲಾಡಿದಾಗ ಹಲ್ಲಿನ ಡಾಕ್ಟರ ಕೈಯಿಂದ ಇಕ್ಕಳ ಕಸಿದುಕೊಂಡು ತಾನೇ ಕಿತ್ತುಕೊಂಡಳಂತೆ. ಈ ಇಕ್ಕಳದ ಸಂಗತಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದು, ಈಗ ಅಜ್ಜಿ ಹೇಳುವ ಪ್ರಕಾರ ಡಾಕ್ಟರದ್ದೂ ಒಂದು ಹಲ್ಲು ಹೋಯಿತು. ಅಷ್ಟೆಲ್ಲ ನಂಬಬೇಕಾಗಿಲ್ಲ. ಅರ್ಧ ನಂಬಿದರೂ ಹುಡುಗಿ ಎಂಥವಳು ಅಂತ ಗೊತ್ತಾಗುತ್ತದೆ.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಪಟ್ಟಣದ ಅರ್ಧ ಜನರನ್ನು ಸಲೀಸಾಗಿ ಮೇಲೆ ಕೆಳಗೆ ಓಡಾಡಿಸುವ ಈ ಮನುಷ್ಯ, ತಾವು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಯಾಕೆ ಅಂತ ಕೇಳಿದರೆ, "ಲಿಫ್ಟ್ ಇದ್ರೆ ಅದು ಕೆಡುತ್ತೆ, ಕೆಟ್ರೆ ಅಕ್ಕಪಕ್ಕದೋರು ಊಟದ ಮಧ್ಯೆ ಎಬ್ಬಿಸ್ತಾರೆ" ಅನ್ನುತ್ತಿದ್ದರು. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಕಚೇರಿಗಳಿಗೆ ಕಿಟಕಿ ಪರದೆ ಹೊಲಿಯುತ್ತಿದ್ದರು. ಆ ಕೋಣೆಯ ತುಂಬ ಯಾವಾಗಲೂ ಬಟ್ಟೆ ಹರಡಿರುತ್ತಿತ್ತು. ಒಂದು ಸಲ ಅಜ್ಜಿ ಅದರೊಳಗೆ ಸಿಕ್ಕಿಕೊಂಡು ಹೊರಬರುವ ದಾರಿ ಕಾಣದೆ ಅಲ್ಲೇ ಒಂದು ನಿದ್ದೆ ಮುಗಿಸಿ ಎದ್ದರಂತೆ. ಅದಿರಲಿ, ನಾವು ಹೇಳಹೊರಟಿದ್ದು ಮೊಮ್ಮಗಳ ವಿಷಯ.

ಮೊಮ್ಮಗಳು ಕಂಪ್ಯೂಟರ್ ಸೈನ್ಸ್ ಓದಲು ಕಾಲೇಜಿಗೆ ಸೇರಿದಳು. ಕಂಪ್ಯೂಟರ್ ಅವಳಿಗೆ ಹೇಳಿ ಮಾಡಿಸಿದ ಜೊತೆಗಾರ. ಅದು ಎದುರು ಮಾತಾಡುವುದಿಲ್ಲ, "ನಾನು ಮಾಡ್ಲಾ?" ಎಂದು ಕೈ ಚಾಚುವುದಿಲ್ಲ. ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಸಂಘ ಇತ್ತು, ಆ ಸಂಘಕ್ಕೆ ಒಂದು ಕೋಣೆ ಇತ್ತು. ಒಂಬತ್ತನೇ ನಂಬರಿನ ಕೋಣೆ. ಮಧ್ಯದ ಮೆಟ್ಟಿಲ ಅಡಿಯಲ್ಲಿ ಉಳಿದಿದ್ದ ಜಾಗಕ್ಕೆ ಬಾಗಿಲು ಇಟ್ಟು ಕೋಣೆ ಅಂತ ಕರೆದಿದ್ದರು. ಚಾವಣಿ ಇಳಿಜಾರು. ಒಳಗೆ ಬಂದವರು ಮೊದಲ ವಾರ ಹಣೆ ಬಡಿಸಿಕೊಳ್ಳುತ್ತಿದ್ದರು, ಎರಡನೇ ವಾರದಿಂದ ಹೊರಗೂ ತಲೆ ಬಗ್ಗಿಸಿಯೇ ನಡೆಯುತ್ತಿದ್ದರು. ಬೇರೆ ವಿಭಾಗದವರು ಅದನ್ನು ನೋಡಿ, ಈ ಕಂಪ್ಯೂಟರ್ ಮಕ್ಕಳು ಎಷ್ಟು ವಿನಯವಂತರು ಅಂದುಕೊಂಡಿದ್ದರು. ಆರು ಹಳೇ ಕಂಪ್ಯೂಟರು, ಒಂದು ಉದ್ದದ ಮೇಜು, ಒಂದು ಫ್ಯಾನು. ಫ್ಯಾನಿಗೆ ಎರಡೇ ವೇಗ: ನಿಂತಿರುವುದು, ಇಲ್ಲವೇ ಕಾಗದವನ್ನೆಲ್ಲ ಎತ್ತಿಕೊಂಡು ಹೋಗುವುದು. ಆದರೂ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹತ್ತಾರು ಮಕ್ಕಳಿಗೆ ತರಗತಿ ಮುಗಿದ ಮೇಲೆ ಕೂತು ಕೆಲಸ ಕಲಿಯಲು ಇದ್ದದ್ದು ಅದೊಂದೇ ಜಾಗ. ನಾನೇಗೂ ಅಷ್ಟೆ. ಆ ಕೋಣೆ ಇಲ್ಲದಿದ್ದರೆ ಅವಳು ಪರದೆಗಳ ಮಧ್ಯೆ ಕೂತು ಓದಬೇಕಿತ್ತು.

ಆ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಆಟದ ಮೇಷ್ಟ್ರದ್ದು. ಕಸರತ್ತಿನ ದಪ್ಪ ದಪ್ಪ ಹಾಸುಗಳನ್ನು ಇಡಲು ಅವರಿಗೆ ಜಾಗವಿರಲಿಲ್ಲ. ವರ್ಷಕ್ಕೆರಡು ಸಲ ಅಳತೆ ಟೇಪು ಹಿಡಿದು ಒಂಬತ್ತನೇ ನಂಬರಿಗೆ ಬಂದು, ಯಾರನ್ನೂ ಮಾತಾಡಿಸದೆ ಗೋಡೆ ಅಳೆದು ಹೋಗುತ್ತಿದ್ದರು.

ಎರಡನೇ ವರ್ಷದಲ್ಲಿ ನಾನೇ ಆ ಮೇಷ್ಟ್ರಿಗೆ ದೊಡ್ಡ ಉಪಕಾರ ಮಾಡಿದಳು.

ವರ್ಷಕ್ಕೊಮ್ಮೆ ಕಾಲೇಜು ನೋಡಲು ಶಾಲೆ ಮಕ್ಕಳು ಬರುವ ದಿನವೊಂದಿತ್ತು. ಒಂಬೈನೂರು ಮಕ್ಕಳು. ಪ್ರಯೋಗಾಲಯಗಳೆಲ್ಲ ಮೂರನೇ ಮಹಡಿಯಲ್ಲಿ. ಯಾರು ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸುವುದು ಸಂಘದ ಹೊಣೆ. ನಾನೇ ಒಂದು ಪ್ರೋಗ್ರಾಂ ಬರೆದಳು. ಗೇಟಿನ ಹತ್ತಿರ ಕಂಪ್ಯೂಟರ್ ಮುಂದೆ ನಿಂತು ಏನು ನೋಡಬೇಕು ಅಂತ ಒತ್ತಿದರೆ ಸಾಕು, ಅಲ್ಲಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಚೀಟಿಯಲ್ಲಿ ಅಚ್ಚಾಗಿ ಬರುತ್ತಿತ್ತು. ಹಿಂದಿನ ದಿನ ಕಾಲೇಜು ಖಾಲಿಯಾದ ಮೇಲೆ ಪ್ರತಿಯೊಂದು ದಾರಿಯನ್ನೂ ತಾನೇ ನಡೆದು ಪರೀಕ್ಷೆ ಮಾಡಿದಳು. ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಹೆಜ್ಜೆ ಕಡಿಮೆಯಿಲ್ಲ.

ಒಬ್ಬಳೇ ನಡೆದು ನೋಡಿದ್ದಳು. ಒಬ್ಬಳಿಗೆ ಸರಿಯಾಗಿತ್ತು. ಕಾಲೇಜಿನಲ್ಲಿ ಮಹಡಿ ಹತ್ತಲು ಮೂರು ಕಡೆ ಮೆಟ್ಟಿಲಿದ್ದರೂ, ಗೇಟಿನಿಂದ ಎಲ್ಲಿಗೇ ಹೋಗುವುದಾದರೂ ಹತ್ತಿರದ್ದು ಮಧ್ಯದ ಮೆಟ್ಟಿಲೇ. ಹೀಗಾಗಿ ಮರುದಿನ ಒಂಬೈನೂರು ಮಕ್ಕಳೂ ಕೈಯಲ್ಲಿ ಚೀಟಿ ಹಿಡಿದು ಅದೇ ಮೆಟ್ಟಿಲಿಗೆ ಬಂದರು. ಹತ್ತುವವರು ಇಳಿಯುವವರು ಎದುರುಬದುರಾಗಿ ಗಟ್ಟಿಯಾಗಿ ಸಿಕ್ಕಿಕೊಂಡರು. ಗಣಿತದ ಪ್ರೊಫೆಸರರೊಬ್ಬರು ನೂಕುನುಗ್ಗಲಿನಲ್ಲಿ ನೆಲಕ್ಕೆ ಕಾಲೂರದೆಯೇ ಮೂರನೇ ಮಹಡಿ ತಲುಪಿದರು ಅನ್ನುತ್ತಾರೆ. ಅವರಿಗೆ ಹೋಗಬೇಕಾಗಿದ್ದದ್ದು ಕೆಳಗಿನ ಆಫೀಸಿಗೆ. ಒಬ್ಬ ಹುಡುಗನ ಎಡಗಾಲಿನ ಶೂ ಇನ್ನೊಬ್ಬನ ಬ್ಯಾಗಿನಲ್ಲಿ ಸಿಕ್ಕಿತು. ಅತ್ತ ಪಕ್ಕದ ಮೆಟ್ಟಿಲ ಮೇಲೆ ಬೆಕ್ಕೊಂದು ಮೈ ಚಾಚಿ ಮಲಗಿತ್ತು, ಅದನ್ನು ಎಬ್ಬಿಸಲೂ ಒಬ್ಬರು ಬರಲಿಲ್ಲ. ಯಾರಿಗೂ ಏಟಾಗಲಿಲ್ಲ ಅನ್ನುವುದೊಂದೇ ಪುಣ್ಯ.

ಸಂಜೆ ಪ್ರಿನ್ಸಿಪಾಲ್ ಮೇಡಂ ಸಂಘದವರನ್ನೆಲ್ಲ ಕರೆಸಿದರು. ಮೂಲೆಯಲ್ಲಿ ಆಟದ ಮೇಷ್ಟ್ರು ಟೇಪಿನ ಸಮೇತ ಕೂತಿದ್ದರು.

"ಯಾರಮ್ಮ ಈ ಹತ್ತಿರದ ದಾರಿ ಕಂಡುಹಿಡಿದಿದ್ದು?"

"ನಾನೇ ಮೇಡಂ."

"ಜೊತೆಗೆ ಯಾರಿದ್ರು?"

"ಯಾರೂ ಇರ್ಲಿಲ್ಲ ಮೇಡಂ. ನಾನೇ."

"ಅದು ಗೊತ್ತಾಗ್ತಿದೆ" ಎಂದರು ಮೇಡಂ. "ಇನ್ನೊಂದು ವರ್ಷ ಕೊಡ್ತೀನಿ. ಮುಂದಿನ ಸಲವೂ ಹೀಗಾದ್ರೆ ಒಂಬತ್ತನೇ ನಂಬರಿನ ಕೀಲಿ ಆಟದ ಮೇಷ್ಟ್ರಿಗೆ. ಆಗ್ಬಹುದಾ ಮೇಷ್ಟ್ರೇ?"

"ನಂಗೇನ್ ಅವಸರ ಇಲ್ಲ ಮೇಡಂ" ಎಂದ ಮೇಷ್ಟ್ರು ಟೇಪು ಮಡಚಿ ಜೇಬಿಗಿಟ್ಟರು.

ಹೊರಗೆ ಬಂದ ಮೇಲೆ ಮುಂದಿನ ವರ್ಷಕ್ಕೆ ಸಂಘದ ಹೊಸ ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಎದ್ದಿತು. ಮುಳುಗುವ ದೋಣಿಯ ಹುಟ್ಟು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವಳ ತರಗತಿಯವನೇ ಆದ ಒಬ್ಬ ಹುಡುಗ ಬಾಯಿ ಬಿಟ್ಟ. ಅವನಿಗೆ 'ಆಮೇಲೆ' ಅಂತ ಅಡ್ಡಹೆಸರು. ಏನು ಕೇಳಿದರೂ "ಆಮೇಲೆ ಹೇಳ್ತೀನಿ" ಅನ್ನುವವನು. ಉತ್ತರ ಪತ್ರಿಕೆಯಲ್ಲೂ ಒಂದು ಸಲ ಹಾಗೇ ಬರೆದಿದ್ದನೆಂದು ವದಂತಿ. ಅವನು, "ಗಂಟು ಹಾಕಿದೋಳು ಅವಳು, ಅವಳೇ ಬಿಚ್ಲಿ" ಅಂದ. ಎಲ್ಲರೂ ಕೈಯೆತ್ತಿದರು. ಕಾಲೇಜಿನ ಚರಿತ್ರೆಯಲ್ಲಿ ಶಿಕ್ಷೆಯಾಗಿ ಅಧ್ಯಕ್ಷ ಪದವಿ ಪಡೆದವಳು ಇವಳೊಬ್ಬಳೇ ಇರಬೇಕು.

ಆ ರಜೆಯಲ್ಲಿ ಅವಳ ಮೊದಲ ಇಂಟರ್ನ್‌ಶಿಪ್. ಬೇರೆಯವರು ಗಾಜಿನ ಕಟ್ಟಡಗಳಿಗೆ ಹೋದರು. ಇವಳಿಗೆ ಸಿಕ್ಕಿದ್ದು ಲಾಂಡ್ರಿ. ಮೂಗು ಮುರಿಯಬೇಡಿ, ಸಣ್ಣ ಲಾಂಡ್ರಿಯಲ್ಲ. ಹನ್ನೆರಡು ಆಸ್ಪತ್ರೆಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಎಲ್ಲ ಒಗೆಯುವ ಕಾರ್ಖಾನೆ. ಒಗೆಯುವ ಯಂತ್ರ ಒಂದೊಂದೂ ಒಂದೊಂದು ಮನೆಯಷ್ಟಿತ್ತು. ಒಳಗೆ ಹಬೆಯೆಂದರೆ ಎಂಥ ಹಬೆ! ಎದುರಿಗಿದ್ದವರನ್ನು ಕೆಮ್ಮಿನ ಮೇಲೆ ಗುರುತು ಹಿಡಿಯಬೇಕು. ಪ್ರತಿ ಬಟ್ಟೆಯ ಅಂಚಿಗೂ ಒಂದು ಪಟ್ಟಿ ಹೊಲಿದಿರುತ್ತಿತ್ತು. ವಿಂಗಡಣೆ ಮೇಜಿನ ಹೆಂಗಸರು ಆ ಪಟ್ಟಿಯನ್ನು ಯಂತ್ರದ ಕಣ್ಣಿಗೆ ಹಿಡಿದರೆ, ಯಾವ ಆಸ್ಪತ್ರೆಯ ಬುಟ್ಟಿಗೆ ಹಾಕಬೇಕು ಅಂತ ಕಂಪ್ಯೂಟರ್ ಪರದೆಯ ಮೇಲೆ ಬರುತ್ತಿತ್ತು.

ಆ ಪ್ರೋಗ್ರಾಮನ್ನು ಓದುತ್ತಿದ್ದ ನಾನೇಗೆ ಎರಡನೇ ದಿನವೇ ಒಂದು ಸಾಲು ಕಣ್ಣಿಗೆ ಬಿತ್ತು. ಒಂದು ಬಟ್ಟೆ ಆದ ಮೇಲೆ ಮೂರು ಸೆಕೆಂಡು ಸುಮ್ಮನೆ ಕಾಯಬೇಕು, ಅಷ್ಟೆ. ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ. ದಿನಕ್ಕೆ ಆರೇಳು ಸಾವಿರ ಬಟ್ಟೆ, ಒಂದೊಂದಕ್ಕೆ ಮೂರು ಸೆಕೆಂಡು. ಲೆಕ್ಕ ಹಾಕಿ ಅವಳ ಹೊಟ್ಟೆ ಉರಿಯಿತು. ಕಂಪ್ಯೂಟರ್ ಮುಂದೆ ಕೂತು ಆ ಸಾಲು ಅಳಿಸಿದಳು. ಯಾರಿಗೂ ಹೇಳಲಿಲ್ಲ, ಆಮೇಲೆ ಎಲ್ಲರೂ ಬೆರಗಾಗಲಿ ಅಂತ.

ಬೆರಗಾದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣಾಸ್ಪತ್ರೆಯ ಮೂಟೆಯಲ್ಲಿ ಎಳೆಗೂಸುಗಳ ಟೋಪಿ, ಮಕ್ಕಳ ಆಸ್ಪತ್ರೆಯ ಮೂಟೆಯಲ್ಲಿ ಆರಡಿ ಡಾಕ್ಟರ ಕೋಟು. ಒಂದು ಆಸ್ಪತ್ರೆಯಿಂದ ಫೋನ್ ಬಂತು: ನೀವು ಕಳಿಸಿದ ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಒಂದು ಕನ್ನಡಕ, ಒಂದು ಜೊತೆ ಹಲ್ಲುಸೆಟ್ಟು ಬಂದಿದೆ, ಇವು ಯಾರವು?

ವಿಂಗಡಣೆ ಮೇಜಿನ ಮೇಲ್ವಿಚಾರಕಿಯನ್ನು ಎಲ್ಲರೂ 'ಮೇಜಿನಕ್ಕ' ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಮೇಜಿನ ಮುಂದೆ ನಿಂತವರು. ಅವರು ಹಬೆಯನ್ನು ಸೀಳಿಕೊಂಡು ಬಂದರು.

"ಯಾರೇ ಇದನ್ನ ಹಿಂಗ್ ಓಡ್ಸಿದ್ದು?"

"ನಾನೇ ಅಕ್ಕ."

"ಬಾ ಇಲ್ಲಿ. ನಿಂತ್ಕೊ. ಬಟ್ಟೆ ಹಿಡಿ, ಪಟ್ಟಿ ತೋರ್ಸು. ಹೂಂ, ಇನ್ನೊಂದು. ಇನ್ನೊಂದು. ಯಾಕೆ, ಕೈ ಸೋತೋಯ್ತಾ?"

ಒಂದು ನಿಮಿಷಕ್ಕೆ ಅವಳ ಮುಂದೆ ಬಟ್ಟೆಯ ಗುಡ್ಡೆಯಾಯಿತು. ಯಾವುದು ಯಾವ ಬುಟ್ಟಿಗೆ ಎಂದು ನೋಡುವಷ್ಟರಲ್ಲಿ ಪರದೆ ಮುಂದಿನದ್ದಕ್ಕೆ ಹಾರಿರುತ್ತಿತ್ತು.

"ಆ ಮೂರು ಸೆಕೆಂಡಲ್ಲಿ ನಾವು ನಿದ್ದೆ ಮಾಡ್ತಿದ್ವಿ ಅಂದ್ಕೊಂಡ್ಯಾ?" ಎಂದರು ಮೇಜಿನಕ್ಕ. "ಬಟ್ಟೆ ತಿರುವಿ ಬೆಳಕಿಗೆ ಹಿಡಿತೀವಿ. ಕಲೆ ಇದ್ಯಾ, ಹರಿದಿದ್ಯಾ, ಒಳಗೆ ಏನಾದ್ರೂ ಸಿಕ್ಕೊಂಡಿದ್ಯಾ ಅಂತ. ಮ್ಯಾನೇಜರ್ ಹತ್ರ ಜಗಳ ಆಡಿ ಹಾಕ್ಸಿರೋ ಮೂರು ಸೆಕೆಂಡು ಅದು."

"ಎಲ್ಲೂ ಬರೆದಿರ್ಲಿಲ್ಲ ಅಕ್ಕ."

"ಬರೆದಿರ್ಲಿಲ್ಲ, ಸರಿ. ಕೇಳೋಕೇನಾಗಿತ್ತು? ಹತ್ತು ಹೆಜ್ಜೆ ದೂರದಲ್ಲಿ ಬದುಕಿದ್ದೀನಲ್ಲ ಕಣೇ!"

ನಾನೇ ನಾಲಿಗೆ ಕಚ್ಚಿಕೊಂಡಳು. ಸಾಲು ವಾಪಸ್ಸು ಹಾಕಿದಳು. ಅದರ ಪಕ್ಕದಲ್ಲಿ, 'ಇದನ್ನು ಅಳಿಸಬೇಡಿ, ಯಾಕೆ ಅಂತ ಮೇಜಿನಕ್ಕನನ್ನು ಕೇಳಿ' ಎಂದು ಬರೆದಳು. ಮೇಜಿನಕ್ಕ ಅಷ್ಟಕ್ಕೆ ಬಿಡಲಿಲ್ಲ. ಒಂದು ವಾರ ಕಂಪ್ಯೂಟರ್ ಮುಟ್ಟಕೂಡದು ಅಂತ ಮೇಜಿಗೆ ನಿಲ್ಲಿಸಿಕೊಂಡರು. ಅಲ್ಲಿ ಅವಳು ಅಗಲದ ಹಾಸಿಗೆ ಬಟ್ಟೆ ಮಡಚಲು ಹೋಗಿ "ನಾನೇ ಮಡಚ್ತೀನಿ" ಅಂದಳು. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಗಲ್ಲದ ಕೆಳಗೆ ಸಿಕ್ಕಿಸಿಕೊಂಡಳು, ಕಾಲಿನಿಂದ ಅದುಮಿದಳು, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಎದ್ದು ನಿಂತಾಗ ಬಟ್ಟೆಯೇ ಅವಳನ್ನು ಮಡಚಿಟ್ಟಿತ್ತು. ಮೇಜಿನ ಸುತ್ತ ಇದ್ದ ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗು ನಿಂತ ಮೇಲೆ ಒಬ್ಬಾಕೆ ಬಂದು ಎದುರಿನ ಎರಡು ಮೂಲೆ ಹಿಡಿದುಕೊಂಡಳು. ನಾಲ್ಕು ಕೈಗೆ ನಾಲ್ಕು ಸೆಕೆಂಡಿನ ಕೆಲಸ.

ಇಲ್ಲಿಗೆ ಹುಡುಗಿ ತಿದ್ದಿಕೊಂಡಳು ಅಂದುಬಿಟ್ಟರೆ ಕಥೆ ಹೇಳುವವರಿಗೆ ಸುಲಭ. ಆದರೆ ಅವಳು ಕಲಿತದ್ದು ಅರ್ಧ. ಏನಾದರೂ ಮುಟ್ಟುವ ಮೊದಲು ನೋಡಬೇಕು, ಕೇಳಬೇಕು ಅನ್ನುವುದನ್ನು ಕಲಿತಳು. ಇನ್ನೊಬ್ಬರ ಕೈಗೆ ಬಿಡುವುದನ್ನು ಕಲಿಯಲಿಲ್ಲ. ಮೂರನೇ ವರ್ಷದಲ್ಲಿ ಅಧ್ಯಕ್ಷೆಯಾಗಿ ಅವಳು ಕಾಲೇಜಿನ ಜವಾನರಿಂದ ಹಿಡಿದು ಲೈಬ್ರರಿಯವರ ತನಕ ಎಲ್ಲರನ್ನೂ ಕೇಳಿದಳು. ಮೆಟ್ಟಿಲುಗಳ ಅಗಲ ಅಳೆದಳು. ಅಳೆಯಲು ಟೇಪು ಬೇಕಾಗಿ ಆಟದ ಮೇಷ್ಟ್ರನ್ನೇ ಕೇಳಿದಳು, ಅವರು ಅನುಮಾನದಿಂದಲೇ ಕೊಟ್ಟರು. ಕೇಳಿದ್ದನ್ನೆಲ್ಲ ತಂದು ಒಂಬತ್ತನೇ ನಂಬರಿನಲ್ಲಿ ಕೂತು ಒಬ್ಬಳೇ ಬರೆದಳು. ಭಿತ್ತಿಪತ್ರ ಅವಳದೇ, ಪ್ರೋಗ್ರಾಂ ಅವಳದೇ, ಕೋಣೆ ಗುಡಿಸುವುದೂ ಅವಳದೇ. ಸಂಘದ ಹನ್ನೊಂದು ಜನ ಬರುತ್ತಿದ್ದರು, ಕೂರುತ್ತಿದ್ದರು, ಫ್ಯಾನು ನೋಡುತ್ತಿದ್ದರು, ಹೋಗುತ್ತಿದ್ದರು. ಬರಬರುತ್ತ ಏಳಾದರು, ನಾಲ್ಕಾದರು.

"ಲೇ, ನಾವೆಲ್ಲ ಯಾಕೆ ಬರ್ಬೇಕು ಇಲ್ಲಿಗೆ?" ಎಂದು ಒಂದು ದಿನ 'ಆಮೇಲೆ' ಕೇಳಿಯೇಬಿಟ್ಟ. "ನಿನ್ ಕೆಲಸ ನೋಡಿ ಚಪ್ಪಾಳೆ ತಟ್ಟೋಕಾ?"

"ನಿಂಗೆ ಹೇಳ್ಕೊಡೋ ಹೊತ್ತಿಗೆ ನಾನೇ ಮುಗ್ಸಿರ್ತೀನಿ ಕಣೋ."

"ಮುಗ್ಸು. ನಾನು ಆಮೇಲೆ ಬರ್ತೀನಿ" ಎಂದವನೇ ಹಣೆ ಬಡಿಸಿಕೊಳ್ಳದಂತೆ ಬಗ್ಗಿ ಹೊರನಡೆದ.

ಆಗ ಬಂತು ನೋಡಿ ಎರಡನೇ ಇಂಟರ್ನ್‌ಶಿಪ್. ನಗರದ ಬಸ್ ಡಿಪೋದಲ್ಲಿ ವೇಳಾಪಟ್ಟಿಯ ಕಚೇರಿ. ಇನ್ನೂರೆಂಬತ್ತು ಬಸ್ಸು ಯಾವಾಗ ಎಲ್ಲಿಂದ ಹೊರಡಬೇಕು ಅಂತ ಲೆಕ್ಕ ಹಾಕುವ ಜಾಗ. ನಾಲ್ಕು ಸುತ್ತು ಪರೀಕ್ಷೆ ಮಾಡಿ ಇಡೀ ಪಟ್ಟಣದಿಂದ ಇಬ್ಬರನ್ನು ಆರಿಸಿದ್ದರು, ಅವಳೊಬ್ಬಳು. ನಾಲ್ಕನೇ ಮಹಡಿಯ ಮನೆಯಲ್ಲಿ ಅಮ್ಮ ಹೊಲಿಗೆ ನಿಲ್ಲಿಸಿ ಕುಣಿದಾಡಿದರು. ಪತ್ರದ ಕೊನೇ ಸಾಲು ಓದಿ ಹುಡುಗಿಯ ಮುಖ ಸಣ್ಣಗಾಯಿತು. ಕೆಲಸಕ್ಕೆ ಸೇರಬೇಕಾದ ದಿನ, ಶಾಲೆ ಮಕ್ಕಳು ಕಾಲೇಜಿಗೆ ಬರುವ ದಿನ, ಎರಡೂ ಒಂದೇ ಶನಿವಾರ.

ಡಿಪೋದ ಹಿರಿಯ ಅಧಿಕಾರಿಗೆ ಫೋನ್ ಮಾಡಿದಳು. "ಸರ್, ಸೋಮವಾರ ಬರ್ಲಾ?"

"ಸೋಮವಾರ ಬಂದು ಏನ್ ನೋಡ್ತೀಯಮ್ಮ? ಶನಿವಾರ ಹೊಸ ವೇಳಾಪಟ್ಟಿ ಶುರು. ಕೂಸು ಹುಟ್ಟೋ ದಿನ ಬಿಟ್ಟು ನಾಮಕರಣಕ್ಕೆ ಬರ್ತೀನಿ ಅಂತೀಯಲ್ಲ! ಆಗಲ್ಲ ಅಂದ್ರೆ ಹೇಳು, ಮೂರನೇ ಹುಡುಗ ಬಾಗಿಲಲ್ಲೇ ನಿಂತಿದಾನೆ."

ಡಿಪೋ ಹಿಡಿದರೆ ಕೋಣೆ ಹೋಗುತ್ತದೆ, ಕೋಣೆ ಹಿಡಿದರೆ ಡಿಪೋ ಹೋಗುತ್ತದೆ. ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಮೂರನೇ ದಿನ ಅಪ್ಪ ಗ್ರೀಸು ಮೆತ್ತಿದ ಕೈ ತೊಳೆಯುತ್ತ ವಿಷಯ ಏನು ಅಂತ ಕೇಳಿದರು. ಹೇಳಿದಳು.

"ನಂಗೂ ಹೀಗೇ ಒಂದ್ ರೋಗ ಇತ್ತು ಪುಟ್ಟಿ" ಎಂದರು ಅಪ್ಪ. "ನಾನೊಂದ್ ದಿನ ರಜಾ ಹಾಕಿದ್ರೆ ಲಿಫ್ಟೆಲ್ಲ ಗಕ್ಕಂತ ನಿಂತು ಜನ ಒಳಗೇ ಸಂಸಾರ ಹೂಡ್ತಾರೆ ಅಂತ. ಒಂಬತ್ತು ವರ್ಷ ರಜಾ ಹಾಕ್ಲಿಲ್ಲ. ಆಮೇಲೆ ಕಾಲು ಮುರೀತಲ್ಲ, ಆರು ವಾರ ಮಲಗಿದ್ನಲ್ಲ?"

"ಆಗ ಏನಾಯ್ತು?"

"ಒಂದೇ ಒಂದು ಲಿಫ್ಟ್ ನಿಲ್ಲಲಿಲ್ಲ. ಕಾಲು ನೋವಿಗಿಂತ ಅದು ಜಾಸ್ತಿ ನೋವಾಯ್ತು ನಂಗೆ."

ಅಡುಗೆಮನೆಯಿಂದ ಅಮ್ಮ, "ಆ ಆರು ವಾರ ಮನೆಯಲ್ಲಿ ಕೂತು ನನ್ನ ಹೊಲಿಗೆ ಮೆಷಿನ್ ರಿಪೇರಿ ಮಾಡ್ತೀನಿ ಅಂತ ಕೆಡಿಸಿದ್ರಲ್ಲ, ಅದನ್ನೂ ಹೇಳಿ" ಎಂದರು. ಅಪ್ಪ ಕೈ ಒರೆಸಿಕೊಳ್ಳಲು ಟವೆಲ್ ಹುಡುಕುವ ನೆಪದಲ್ಲಿ ಒಳಗೆ ಹೋದರು.

ಮರುದಿನ ಅವಳು ಸಂಘದವರ ಹನ್ನೊಂದು ಮನೆ, ಹಾಸ್ಟೆಲು ಸುತ್ತಿ ಎಲ್ಲರನ್ನೂ ಕರೆದಳು. ಒಂಬತ್ತನೇ ನಂಬರಿನಲ್ಲಿ ನಿಂತು, ಸುತ್ತುಬಳಸದೆ, "ಶನಿವಾರ ನಾನಿರಲ್ಲ, ನೀವು ಮಾಡ್ಬೇಕು" ಅಂದಳು. ಫ್ಯಾನು ಎರಡು ಕಾಗದ ಎತ್ತಿಕೊಂಡು ಹೋಯಿತು.

ಕೊನೆಗೆ 'ಆಮೇಲೆ'ಯೇ ಅವಳ ಪ್ರೋಗ್ರಾಂ ತೆರೆದು ನೋಡಿ ಕಣ್ಣು ಕಣ್ಣು ಬಿಟ್ಟ. ಒಳಗಿನ ಭಾಗಗಳಿಗೆ ಅವಳು 'ಇದು', 'ಅದು', 'ಇನ್ನೊಂದು', 'ಇನ್ನೊಂದರ ತಮ್ಮ' ಅಂತ ಹೆಸರಿಟ್ಟಿದ್ದಳು.

"ಈ ತಮ್ಮ ಏನ್ ಮಾಡ್ತಾನೆ?"

"ಅದು... ನಂಗೊತ್ತು."

"ನಿಂಗೊತ್ತು. ಶನಿವಾರ ನಿನ್ನನ್ನ ಎಲ್ಲಿಂದ ತರೋದು?"

ಆಗ ಅವಳು ಕೂತು ಒಂದೊಂದಕ್ಕೂ ಸರಿಯಾದ ಹೆಸರಿಟ್ಟಳು, ಯಾವುದು ಯಾಕೆ ಅಂತ ಬರೆದಳು. ಆ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಐದನೇ ದಿನ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದ. ಎಷ್ಟು ಜನರನ್ನು ಯಾವ ಮೆಟ್ಟಿಲಿಗೆ ಕಳಿಸಬೇಕು ಅಂತ ಅವಳು ಮೊದಲೇ ಲೆಕ್ಕ ಹಾಕಿಟ್ಟಿದ್ದಳು.

"ಲೆಕ್ಕ ಸರಿ ಇದೆ ಕಣೇ. ಆದ್ರೆ ಮಕ್ಕಳು ಲೆಕ್ಕದ ಪ್ರಕಾರ ನಡೀತಾರಾ? ಒಬ್ಬನ ಶೂ ಲೇಸ್ ಬಿಚ್ಚಿದ್ರೆ ಹಿಂದೆ ನಲವತ್ತು ಜನ ನಿಲ್ತಾರೆ. ಪ್ರತಿ ಮೆಟ್ಟಿಲ ಹತ್ರ ನಮ್ಮೋರು ಒಬ್ಬೊಬ್ಬರು ನಿಲ್ಲೋಣ. ತುಂಬ್ತು ಅನ್ನಿಸಿದ್ರೆ ಫೋನಲ್ಲಿ ಒಂದು ಗುಂಡಿ ಒತ್ತೋದು. ಒತ್ತಿದ ತಕ್ಷಣ ನಿನ್ ಪ್ರೋಗ್ರಾಂ ಆ ಮೆಟ್ಟಿಲು ಬಿಟ್ಟು ಬೇರೆ ಕಡೆ ಚೀಟಿ ಕೊಡ್ಲಿ."

ಅವಳು ತಪ್ಪು ಹುಡುಕಲು ಐದು ನಿಮಿಷ ಯೋಚಿಸಿದಳು. ಸಿಗಲಿಲ್ಲ. ತಾನು ಒಂದು ವರ್ಷ ಒಬ್ಬಳೇ ತಲೆ ಕೆಡಿಸಿಕೊಂಡಿದ್ದನ್ನು ಇವನು ಹಣೆ ಉಜ್ಜಿಕೊಳ್ಳುತ್ತ ಹೇಳಿಬಿಟ್ಟಿದ್ದ.

"ಇದನ್ನ ಮೊದಲೇ ಯಾಕೋ ಹೇಳ್ಲಿಲ್ಲ?"

"ನೀನ್ ಕೇಳಿದ್ದು ಈಗ" ಎಂದ ಆಮೇಲೆ.

ಗುಂಡಿಯ ಭಾಗವನ್ನು ಕಿರಿಯರಿಬ್ಬರು ಬರೆದರು. ಅವರು ಬರೆಯುವಾಗ ಅವಳು ತನ್ನ ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು. ಮೂರು ಸಲ ಕೈ ಹೊರಗೆ ಬಂತು, ಮೂರು ಸಲವೂ ಆಮೇಲೆ ಸ್ಕೇಲಿನಿಂದ ಅದರ ಮೇಲೆ ತಟ್ಟಿದ.

ಶನಿವಾರ ಬೆಳಿಗ್ಗೆ ಆರಕ್ಕೆ ಅವಳು ಡಿಪೋದಲ್ಲಿದ್ದಳು. ಒಳಗೆ ಹೋಗುವ ಮೊದಲು ಫೋನನ್ನು ಬಾಗಿಲ ಪಕ್ಕದ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು, ಅಲ್ಲಿಯ ನಿಯಮ. ಗೋಡೆಯುದ್ದದ ಪರದೆಯಲ್ಲಿ ಇನ್ನೂರೆಂಬತ್ತು ಚುಕ್ಕಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. ಅವಳಿಗೆ ಒಂದೊಂದು ಚುಕ್ಕಿಯೂ ಶಾಲೆ ಮಗುವಿನ ಹಾಗೆ ಕಾಣುತ್ತಿತ್ತು. ಎರಡು ಚುಕ್ಕಿ ಹತ್ತಿರ ಬಂದರೆ ಸಾಕು, ಕುರ್ಚಿಯಿಂದ ಎದ್ದುಬಿಡುತ್ತಿದ್ದಳು.

ಪಕ್ಕದಲ್ಲಿದ್ದ ಟೈಮ್‌ಕೀಪರ್ ಅಣ್ಣ ಮೀಸೆಯಲ್ಲೇ ನಕ್ಕ. "ಕೂತ್ಕೊಳ್ಳಮ್ಮ. ನೀನು ಎದ್ದು ನಿಂತ್ರೆ ಬಸ್ಸೇನು ನಿಂತ್ಕೊಳ್ಳಲ್ಲ. ಡ್ರೈವರ್ ಇದಾನೆ, ಕಂಡಕ್ಟರ್ ಇದಾನೆ. ನಾವ್ ಟೈಮ್ ಹೇಳೋರು, ಸ್ಟೇರಿಂಗ್ ಹಿಡಿಯೋರಲ್ಲ."

ಹನ್ನೆರಡೂವರೆಗೆ ಊಟಕ್ಕೆ ಬಿಟ್ಟರು. ಓಡಿ ಹೋಗಿ ಕಪಾಟು ತೆಗೆದಳು. ನಲವತ್ತು ಕರೆ ಬಂದಿರುತ್ತವೆ ಎಂದು ಎಣಿಸಿದ್ದಳು. ಒಂದೂ ಇರಲಿಲ್ಲ. ಒಂದು ಸಂದೇಶವೂ ಇಲ್ಲ. ನಲವತ್ತು ಕರೆ ಬಂದಿದ್ದರೆ ಏನೋ ಕೆಟ್ಟಿದೆ ಅಂದುಕೊಳ್ಳಬಹುದಿತ್ತು. ಒಂದೂ ಇಲ್ಲ ಎಂದರೆ ಫೋನ್ ಮಾಡುವವರೇ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದಾರೆ ಎಂದೇ ಅರ್ಥ. ತಕ್ಷಣ ಆಮೇಲೆಗೆ ಫೋನ್ ಹಚ್ಚಿದಳು. ಆ ಕಡೆ ಜಾತ್ರೆಯಂಥ ಗದ್ದಲ, ನಡುನಡುವೆ ಸೀಟಿಯ ಸದ್ದು.

"ಏನೋ ಆಗ್ತಿದೆ ಅಲ್ಲಿ? ಯಾರದು ಸೀಟಿ ಊದ್ತಿರೋದು?"

"ಆಮೇಲೆ ಮಾಡ್ತೀನಿ" ಎಂದು ಅವನು ಫೋನ್ ಇಟ್ಟ.

ಊಟದ ಡಬ್ಬಿ ಹಾಗೇ ಮುಚ್ಚಿ ಒಳಗೆ ಹೋದಳು. ಮಧ್ಯಾಹ್ನದ ಆ ನಾಲ್ಕು ಗಂಟೆ ಎಷ್ಟು ಉದ್ದ ಇದ್ದವೆಂದರೆ, ಗೋಡೆ ಗಡಿಯಾರದ ಮುಳ್ಳಿಗೇ ಜೋಂಪು ಹತ್ತಿರಬೇಕು.

ಕೆಲಸ ಮುಗಿದದ್ದೇ ತಡ, ಹೊಸ ವೇಳಾಪಟ್ಟಿಯ ಬಸ್ಸನ್ನೇ ಹತ್ತಿ ಕಾಲೇಜಿಗೆ ಓಡಿದಳು. ಬಸ್ಸು ಎರಡು ನಿಮಿಷ ತಡವಾಗಿತ್ತು, ಅದನ್ನೂ ಗಮನಿಸಲಿಲ್ಲ. ಅಂಗಳ ಖಾಲಿ. ಮಧ್ಯದ ಮೆಟ್ಟಿಲ ಹತ್ತಿರ ತಿರುಗಿದಳು, ಅಲ್ಲೇ ಕಾಲು ಹೂತುಹೋದಂತೆ ನಿಂತಳು. ಒಂಬತ್ತನೇ ನಂಬರಿನ ಬಾಗಿಲು ಹಾರುಹೊಡೆದಿತ್ತು. ಬಾಗಿಲ ಮುಂದೆ ಒಂದರ ಮೇಲೊಂದು ಒಟ್ಟಿದ್ದವು ಆಟದ ಮೇಷ್ಟ್ರ ನೀಲಿ ಹಾಸುಗಳು. ಪಕ್ಕದಲ್ಲಿ ಕತ್ತಿಗೆ ಸೀಟಿ ನೇತುಹಾಕಿಕೊಂಡು ಮೇಷ್ಟ್ರೇ ನಿಂತಿದ್ದರು.

ಮುಗಿಯಿತು ಅಂದುಕೊಂಡಳು. ಇನ್ನೂ ಕತ್ತಲಾಗಿಲ್ಲ, ಆಗಲೇ ಸಾಮಾನು ತಂದುಬಿಟ್ಟಿದ್ದಾರೆ.

"ಸರ್, ಒಳಗಿದ್ದ ಕಂಪ್ಯೂಟರ್ ಎಲ್ಲಿಟ್ರಿ?" ಎಂದಳು.

"ಒಳಗೇ ಇವೆಯಲ್ಲಮ್ಮ. ಎಲ್ಲಿಗ್ ಹೋಗ್ತವೆ?" ಎಂದರು ಮೇಷ್ಟ್ರು. "ನಿಮ್ ಹುಡುಗರು ನನ್ನ ಹಾಸೆಲ್ಲ ಕೊಳೆ ಮಾಡಿದಾರೆ, ಒರೆಸಿ ಕೊಡಿ ಅಂತ ಇಲ್ಲಿ ತಂದಿಟ್ಟಿದೀನಿ."

ಒಳಗಿನಿಂದ ಹನ್ನೊಂದು ಜನ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದರು. ಎಲ್ಲರೂ ಒಟ್ಟಿಗೇ ಮಾತಾಡಿದ್ದರಿಂದ ಅವಳಿಗೆ ಪೂರ್ತಿ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬೆಳಿಗ್ಗೆ ಹತ್ತಕ್ಕೇ ಮೂರು ಮೆಟ್ಟಿಲೂ ತುಂಬಿದವು, ಮೂವರೂ ಗುಂಡಿ ಒತ್ತಿದರು. ಮೂರೂ ತುಂಬಿದರೆ ಏನು ಮಾಡಬೇಕು ಅಂತ ಪ್ರೋಗ್ರಾಮಿನಲ್ಲಿ ಯಾರೂ ಬರೆದಿರಲಿಲ್ಲ. ಅದು ಚೀಟಿ ಕೊಡುವುದನ್ನೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡು ಕೂತಿತು. ಗೇಟಿನಲ್ಲಿ ಮುನ್ನೂರು ಮಕ್ಕಳು. 'ಆಮೇಲೆ' ಒಂದು ಕ್ಷಣ ಯೋಚಿಸಿ, ನೆಟ್ಟಗೆ ಆಟದ ಮೇಷ್ಟ್ರ ಹತ್ತಿರ ಓಡಿದ. "ಸರ್, ನಿಮ್ಮ ಹಾಸು ಬೇಕು, ಅಂಗಳದಲ್ಲಿ ಮಕ್ಕಳನ್ನ ಕೂರಿಸ್ಬೇಕು" ಅಂತ ಕೇಳಿದ. ಮೇಷ್ಟ್ರು ಹಾಸು ಕೊಟ್ಟರು. ಕೊಟ್ಟ ಹಾಸಿನ ಮೇಲೆ ಕೂತ ಮಕ್ಕಳು ಗಲಾಟೆ ಮಾಡುವುದನ್ನು ನೋಡಲಾರದೆ ಸೀಟಿ ತೆಗೆದರು. ಅಲ್ಲಿಂದ ಮುಂದೆ, ಮೆಟ್ಟಿಲು ಖಾಲಿಯಾದಂತೆ ಒಂದೊಂದು ಸೀಟಿಗೆ ಒಂದೊಂದು ಹಾಸಿನ ಮಕ್ಕಳು ಎದ್ದು ಹೋದರು. ಒಬ್ಬರ ಶೂ ಕೂಡ ಕಳೆಯಲಿಲ್ಲ.

"ಮೂರೂ ತುಂಬಿದ್ರೆ ಅಂತ ಬರೀಬೇಕಿತ್ತು" ಎಂದಳು ಅವಳು. "ನಂಗೆ ಹೊಳೀಲೇ ಇಲ್ಲ."

"ನಮ್ಗೂ ಹೊಳೀಲಿಲ್ಲ ಬಿಡಕ್ಕ" ಎಂದಳು ಕಿರಿಯಳೊಬ್ಬಳು, ಹಾಸು ಒರೆಸುತ್ತ.

ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಕೈಯಲ್ಲಿ ಒಂದು ಕಾಗದ ಹಿಡಿದು ಬಂದರು. ಒಂಬತ್ತನೇ ನಂಬರು ಸಂಘಕ್ಕೇ ಇರಲಿ ಅಂತ ಆದೇಶ. ಕೆಳಗೆ ಮೇಡಂ ಸಹಿ, ಅದರ ಪಕ್ಕ ಸಂಘದ ಪರವಾಗಿ ಆಮೇಲೆಯ ಸಹಿ ಆಗಲೇ ಬಿದ್ದಿತ್ತು. ಮೇಡಂ ಅವಳ ಕಡೆ ನೋಡಿದರು.

"ಬೆಳಿಗ್ಗೆಯಿಂದ ಯಾವ ಮೆಟ್ಟಿಲ ಹತ್ರ ಇದ್ದೆಯಮ್ಮ? ಕಾಣ್ಲೇ ಇಲ್ಲ."

"ನಾನು ಇವತ್ತು ಕಾಲೇಜಿಗೇ ಬಂದಿರ್ಲಿಲ್ಲ ಮೇಡಂ. ಡಿಪೋದಲ್ಲಿದ್ದೆ."

"ಹೌದಾ? ಗೊತ್ತೇ ಆಗ್ಲಿಲ್ಲ ನೋಡು" ಎಂದರು ಮೇಡಂ.

ಆ ಮಾತು ಅವಳಿಗೆ ಮೊದಲು ಸ್ವಲ್ಪ ಚುಚ್ಚಿತು. ಅಪ್ಪನ ಆರು ವಾರದ ನೋವು ಏನೆಂದು ಆಗ ತಿಳಿಯಿತು. ಆದರೆ ಮೇಡಂ ಹೋಗುವಷ್ಟರಲ್ಲಿ ಹೊಟ್ಟೆಯೊಳಗಿಂದ ಎಲ್ಲಿಂದಲೋ ನಗು ಉಕ್ಕಿ ಬಂತು, ತಡೆಯಲಾಗಲಿಲ್ಲ. ಬೆಳಿಗ್ಗೆಯಿಂದ ಮುಟ್ಟದ ಡಬ್ಬಿ ತೆಗೆದು ಅಲ್ಲೇ ಹಾಸಿನ ಮೇಲೆ ಕೂತು ತಿನ್ನತೊಡಗಿದಳು. ಹನ್ನೊಂದು ಕೈ ಡಬ್ಬಿಗೆ ಬಂದವು.

ಆಟದ ಮೇಷ್ಟ್ರು ಆಗಲೇ ದಾರಿಯಲ್ಲಿ ಹೋಗುತ್ತಿದ್ದ ಲೈಬ್ರರಿಯವರನ್ನು ನಿಲ್ಲಿಸಿಕೊಂಡು ದಿನದ ವೃತ್ತಾಂತ ಹೇಳುತ್ತಿದ್ದರು. "ಸಾವಿರದೈನೂರು ಮಕ್ಕಳು ಸ್ವಾಮಿ! ಇದೊಂದೇ ಸೀಟಿ!"

ಗೇಟಿನ ಕಂಪ್ಯೂಟರಿನಲ್ಲಿ ಒಂಬೈನೂರ ಹನ್ನೆರಡು ಅಂತ ಲೆಕ್ಕವಿತ್ತು. ಹಿಂದಿನ ವರ್ಷದ ಹುಡುಗಿಯಾಗಿದ್ದರೆ ಎದ್ದುಹೋಗಿ ತಿದ್ದಿ ಬರುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ 'ಆಮೇಲೆ' ಅವಳ ಮುಖ ನೋಡಿದ. ಅವಳು ಕೊನೆಯ ತುತ್ತು ಅವನಿಗೆ ಬಿಟ್ಟು, ಎದ್ದು, ಒರೆಸದೇ ಉಳಿದಿದ್ದ ಹಾಸಿನ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರಾದರೂ ಬನ್ನಿ ಅಂತ ಕೂಗಿದಳು. ಅತ್ತ ಮೇಷ್ಟ್ರ ಕಥೆಯಲ್ಲಿ ಮಕ್ಕಳು ಎರಡು ಸಾವಿರ ದಾಟಿದ್ದರು.